ಬಾವಿಯೊಳಗಿಂದ ಮೂರು ಸಲ

ಇದು ನಮ್ಮ ದೊಡ್ಡಬಳ್ಳಾಪುರದ ಮಧುರೆ ಕಡೆ ನಡೆದದ್ದು. ಯಾರೋ ಯಾರಿಗೋ ಹೇಳಿದ್ದನ್ನ ಕೇಳಿ ಹೇಳ್ತಿಲ್ಲ. ಆವಲಪ್ಪ ನಮ್ಮ ಪಕ್ಕದ ಮನೆಯವನು. ಅವನ ಜಗಲಿ ಮೇಲೆ ಕೂತು, ಅವನ ಬಾಯಿಂದಲೇ ಕೇಳಿದ್ದು. ಅರವತ್ತೊಂಬತ್ತನೇ ಇಸವಿ. ಯುಗಾದಿ ಕಳೆದು ಹದಿನೈದು ದಿನ ಆಗಿತ್ತು.

ಎರಡನೇ ಪಾಳಿ ಮುಗಿಸಿ ಆವಲಪ್ಪ ಒಬ್ಬನೇ ಬರ್ತಿದ್ದ. ರಾತ್ರಿ ಹತ್ತೂವರೆ ಇರಬಹುದು. ಕೈಯಲ್ಲಿ ಲಾಟೀನು. ಗಾಳಿ ಒಂಚೂರೂ ಇಲ್ಲ. ಆಲದ ಮರದ ಹತ್ತಿರ ಬಂದಾಗ ಕೇಳಿಸಿತು.

ಟಣ್... ಟಣ್... ಟಣ್.

ನಿಂತುಬಿಟ್ಟ.

ಮರದ ಪಕ್ಕದಲ್ಲೇ ಊರಿನ ಸೀನೀರು ಬಾವಿ. ಶಬ್ದ ಬಂದದ್ದು ಅದರ ಒಳಗಿಂದ. ಬಿಂದಿಗೆ ಕಲ್ಲಿಗೆ ತಾಗಿದ್ದಲ್ಲ. ಬಿಂದಿಗೆ ತಾಗಿದರೆ ಪೊಳ್ಳಾಗಿ ಡಬ್ ಅನ್ನುತ್ತೆ. ಇದು ಕಬ್ಬಿಣದ ಮೇಲೆ ಕಬ್ಬಿಣ. ಗಟ್ಟಿಯಾಗಿ ಎದ್ದು, ಕೊನೆಗೆ ಸಣ್ಣಗೆ ನಡುಗೋ ಶಬ್ದ.

ಆ ಶಬ್ದ ಆವಲಪ್ಪನಿಗೆ ಗೊತ್ತಿತ್ತು.

ಅವನು ಕೆಲಸ ಮಾಡ್ತಿದ್ದದ್ದು ಸಾರಾಯಿ ಕಾರ್ಖಾನೆಯಲ್ಲಿ. ಅಲ್ಲಿ ದೊಡ್ಡ ತೊಟ್ಟಿಗಳಲ್ಲಿ ಕಾಕಂಬಿ, ಅಂದ್ರೆ ಸಕ್ಕರೆ ಮಡ್ಡಿ, ಹುಳಿ ಬರುವಾಗ ಗುಳುಗುಳು ಅಂತ ಗ್ಯಾಸು ಏಳುತ್ತೆ. ಮುಂಚೆ ಅದು ಹಾಗೇ ಗಾಳಿಗೆ ಹೋಗ್ತಿತ್ತು. ಆಮೇಲೆ ಸಾಹುಕಾರರು ತೊಟ್ಟಿಗೆ ಮುಚ್ಚಳ ಹಾಕಿಸಿ, ಆ ಗ್ಯಾಸು ಹಿಡಿದು, ನೆಲದಡಿ ಪೈಪು ಹೂಳಿಸಿ, ಅರ್ಧ ಮೈಲಿ ದೂರ ಲಾರಿ ರಸ್ತೆ ಪಕ್ಕಕ್ಕೆ ತಂದರು. ಅಲ್ಲೊಂದು ನೆಲಮಾಳಿಗೆ ತೋಡಿಸಿದರು. ಅದರೊಳಗೆ ಮಿಷನ್ ಇಟ್ಟು, ಗ್ಯಾಸನ್ನ ಒತ್ತಿ ಸಿಲಿಂಡರಿಗೆ ತುಂಬಿ, ಅಲ್ಲೇ ಸಾಲಾಗಿ ನಿಲ್ಲಿಸ್ತಿದ್ದರು. ಮೇಲೆ ಇಟ್ಟರೆ ಬಿಸಿಲಿಗೆ ಸಿಡೀತಾವೆ ಅಂತ. ಬೆಂಗಳೂರಿನ ಸೋಡಾ ಅಂಗಡಿಯವರೆಲ್ಲ ಅದನ್ನೇ ಕೊಳ್ತಿದ್ದರು.

ಆ ಗ್ಯಾಸಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರಿನಿಂದ ಸೋರಿದರೆ ಮಂಜುಗಡ್ಡೆ ಥರ ಕೊರೆದು ಚರ್ಮ ಸುಲಿಯುತ್ತೆ. ಗಾಳಿಗಿಂತ ಭಾರ. ತಗ್ಗು ಸಿಕ್ಕಿದರೆ ನೀರಿನ ಥರ ತುಂಬಿ ಕೂತ್ಕೊಳ್ಳುತ್ತೆ. ಅದರೊಳಗೆ ಮನುಷ್ಯ ನಿಂತರೆ ಮುಗೀತು.

ಮಿಷನ್ ಸದ್ದಿಗೆ ಕೂಗಿದ್ದು ಕೇಳಿಸ್ತಿರಲಿಲ್ಲ. ಅದಕ್ಕೇ ಕೆಳಗಿದ್ದವನು ಸ್ಪ್ಯಾನರ್ ತಗೊಂಡು ಸಿಲಿಂಡರಿಗೆ ಬಡೀತಿದ್ದ. ಎರಡು ಸಲ ಬಡಿದರೆ, ಹಗ್ಗ ಎಳಿ. ಮೂರು ಸಲ ಬಡಿದರೆ, ಗ್ಯಾಸು ಸೋರ್ತಿದೆ, ಮುಚ್ಚು. ಮೇಲಿನ ಬಾಗಿಲಲ್ಲಿ ವಾಲ್ವಿನ ಚಕ್ರದ ಹತ್ತಿರ ಇರ್ತಿದ್ದವನು ಆವಲಪ್ಪ. ಕೆಳಗೆ ಇರ್ತಿದ್ದವನು ಮುನಿವೆಂಕಟಪ್ಪ, ಆವಲಪ್ಪನ ಹೆಂಡತಿ ಸೊಣ್ಣಮ್ಮನ ಒಬ್ಬನೇ ತಮ್ಮ.

ಆ ಮುನಿವೆಂಕಟಪ್ಪ ಅದೇ ನೆಲಮಾಳಿಗೆಯಲ್ಲಿ ಸತ್ತು ಆಗಲೇ ನಲವತ್ತು ದಿನ ಕಳೆದಿತ್ತು.

ಆವಲಪ್ಪ ನಿಂತೇ ಇದ್ದ. ಮತ್ತೆ...

ಟಣ್... ಟಣ್... ಟಣ್.

ಆಮೇಲೆ ಪಿಸುಮಾತು. ಬಾಯಿ ಒಣಗಿದವನು ಮಾತಾಡಿದ ಹಾಗೆ.

"ಭಾವಾ... ಮುಚ್ಚು..."

ಓಡಿದ. ಒಂದು ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಮನೆಗೆ ಬಂದು ಬಾಗಿಲಿಗೆ ಅಗುಳಿ ಹಾಕಿ, ಗೋಡೆಗೆ ಒರಗಿ ಕುಸಿದ. ಸೊಣ್ಣಮ್ಮ ಎದ್ದು ಬಂದಳು.

"ಯಾಕ್ರೀ? ಏನಾಯ್ತು?"

"ನಿನ್ ತಮ್ಮ..."

"ಏನು?"

"ಬಾವೀಲವ್ನೆ. ಕರೀತವ್ನೆ ಕಣೇ ನನ್ನ."

ಅವಳು ಬಾಯಿ ಮೇಲೆ ಸೆರಗಿಟ್ಟುಕೊಂಡಳು. "ನಿಮ್ಮನ್ನ ಯಾಕ್ ಕರೀತಾನೆ? ಅವ್ನು ನಿಮ್ಗೇನ್ ಮಾಡ್ದ, ನೀವು ಅವ್ನಿಗೇನ್ ಮಾಡಿದ್ರಿ?"

ಆವಲಪ್ಪ ತಲೆ ತಗ್ಗಿಸಿದ. ಮುನಿವೆಂಕಟಪ್ಪ ಕುಡಿದು ಬಿದ್ದು ಸತ್ತ ಅಂತ ಕಾರ್ಖಾನೆಯವರು ಬರೆಸಿದ್ದರು. ಇಡೀ ಊರು ನಂಬಿತ್ತು. ಸತ್ತವನ ಅಪ್ಪ ಪಿಳ್ಳಣ್ಣ ಆ ಅವಮಾನಕ್ಕೆ ಯಾರ ಮುಖಾನೂ ನೋಡದೆ ಓಡಾಡ್ತಿದ್ದ.

"ಅವ್ನು ಕುಡಿದಿರ್ಲಿಲ್ಲ," ಅಂದ ಆವಲಪ್ಪ. "ಬಡಿದ. ಮೂರು ಸಲ. ನನ್ಗೆ ಕೇಳಿಸ್ತು. ಕೈ ಚಕ್ರದ ಮೇಲೇ ಇತ್ತು ಕಣೇ... ಮೇಸ್ತ್ರಿ ಆದಿನಾರಾಯಣಪ್ಪ ಪಕ್ಕದಲ್ಲೇ ನಿಂತಿದ್ದ. ಲಾರಿ ಕಾಯ್ತೈತೆ, ಇನ್ನೆರಡು ಸಿಲಿಂಡರ್ ತುಂಬ್ಲಿ, ಆಮೇಲೆ ಮುಚ್ಚು ಅಂದ. ನಾನು... ನಾನು ತಿರುಗಿಸ್ಲಿಲ್ಲ."

ಸೊಣ್ಣಮ್ಮ ಅಳಲಿಲ್ಲ. ಒಂದೇ ಮಾತು ಕೇಳಿದಳು.

"ಮತ್ತೆ ಬಡಿದ್ನಾ?"

"ಹೂಂ. ಮತ್ತೆ ಮೂರು ಸಲ."

"ಆಮೇಲೆ?"

"ಆಮೇಲೆ... ಒಂದೇ ಸಲ."

ಅವಳು ಅವನಿಂದ ದೂರ ಹೋಗಿ ಒಲೆ ಪಕ್ಕ ಕೂತಳು. ಇಬ್ಬರೂ ಹಾಗೇ ಬೆಳಗಿನ ಜಾವದವರೆಗೂ ಕೂತಿದ್ದರು. ಅವನು ಒಂದೆರಡು ಸಲ ಅವಳ ಹೆಸರು ಹಿಡಿದು ಕರೆದ. ಅವಳು ತಿರುಗಲಿಲ್ಲ.

ಮೊದಲ ಕೋಳಿ ಕೂಗಿದಾಗ ಅವಳೇ ಮಾತಾಡಿದಳು. ಗೋಡೆ ಕಡೆ ನೋಡಿಕೊಂಡೇ.

"ಅಪ್ಪನ್ಗೆ ಇದನ್ನ ಹೇಳ್ಬೇಕು. ಈಗ್ಲೇ. ಹೋಗೋಣ ನಡೀರಿ."

"ಇಷ್ಟೊತ್ತಲ್ಲಿ ಮಾವ ಎದ್ದಿರ್ತಾರಾ?"

"ಎದ್ದು ಹೊರಟಿರ್ತಾನೆ. ಜನ ನೀರಿಗೆ ಬರೋ ಮುಂಚೆ ಬಾವಿಗಿಳ್ದು ಹೂಳೆತ್ತಬೇಕು ಅಂದಿದ್ದ."

ಆವಲಪ್ಪ ಎದ್ದು ನಿಂತ. ಕಾರ್ಖಾನೆಯಿಂದ ನೆಲಮಾಳಿಗೆಗೆ ಹೂಳಿದ್ದ ಪೈಪು ಎಲ್ಲಿ ಹಾದುಹೋಗಿತ್ತು? ಆಲದ ಮರದ ಬುಡದಲ್ಲೇ. ಬಾವಿಯಿಂದ ಹತ್ತು ಮಾರು ದೂರದಲ್ಲಿ. ಮುಚ್ಚು ಅಂದದ್ದು ಇದನ್ನಾ...

"ಓಡು!" ಅಂದ.

ಓಡಿದರು. ಮೂಡಲಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಬಾವಿ ಕಟ್ಟೆ ಹತ್ತಿರ ಮೂವರು ನಿಂತಿದ್ದರು. ಹಗ್ಗದ ತುದಿ ಅವರ ಕೈಯಲ್ಲಿತ್ತು. ಸಲಿಕೆ, ಗುದ್ದಲಿ, ಮಂಕರಿ ಎಲ್ಲಾ ಇನ್ನೂ ಕಟ್ಟೆ ಮೇಲೇ ಇದ್ದವು.

"ಮಾವ ಎಲ್ಲಿ?"

"ಈಗ್ತಾನೆ ಇಳ್ದ. ಯಾಕ್ಲಾ?"

ಆವಲಪ್ಪ ಕಟ್ಟೆ ಮೇಲೆ ಬಗ್ಗಿ ಕೂಗಿದ. "ಮಾವಾ! ಮಾವಾ!"

ಅವನ ಕೂಗೇ ತಿರುಗಿ ಬಂತು. ಬೇರೇನೂ ಬರಲಿಲ್ಲ.

ಒಬ್ಬನ ಕೈಯಿಂದ ಲಾಟೀನು ಕಿತ್ತುಕೊಂಡು, ನೀರು ಸೇದೋ ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟ. ಎರಡಾಳು ಆಳ ಹೋಗೋವರೆಗೂ ದೀಪ ಚೆನ್ನಾಗೇ ಉರೀತಿತ್ತು. ಅಲ್ಲಿಂದ ಕೆಳಗೆ ಸಣ್ಣಗಾಯಿತು. ಕೆಂಪಾಯಿತು. ಯಾರೋ ಎರಡು ಬೆರಳಲ್ಲಿ ಹಿಚುಕಿದ ಹಾಗೆ... ಆರಿಹೋಯಿತು.

"ಗ್ಯಾಸು!" ಅಂತ ಚೀರುತ್ತಾ ಲಾಟೀನು ಮೇಲಕ್ಕೆಳೆದ. "ಬಾವಿ ತುಂಬಾ ಗ್ಯಾಸು ತುಂಬೈತೆ! ಯಾರೂ ಇಳೀಬೇಡ್ರೋ!"

ಸೊಣ್ಣಮ್ಮ ಕಟ್ಟೆ ಹತ್ತಿಬಿಟ್ಟಿದ್ದಳು. ಇಬ್ಬರು ಹಿಡಿದು ಕೆಳಗೆ ಎಳೆದರು. "ತಮ್ಮನೂ ಹೋದ... ಅಪ್ಪನ್ನೂ ಕಳ್ಕೊಳ್ಲಾ? ಬಿಡ್ರೋ... ಬಿಡ್ರೋ ನನ್ನ..." ಅಂತ ಮಣ್ಣು ಬಾಚಿ ಬಾಚಿ ಎಸೆದಳು. ಹಗ್ಗ ಹಿಡಿದವರು ಎಳೆದು ನೋಡಿದರೆ, ಹಗ್ಗ ಸಡಿಲ. ಅದರ ತುದಿಯಲ್ಲಿ ಭಾರ ಇಲ್ಲ. ಮುದುಕ ಸೊಂಟಕ್ಕೆ ಕಟ್ಟಿಕೊಂಡಿರಲಿಲ್ಲ, ಬರೀ ಕೈಯಲ್ಲಿ ಹಿಡಿದು ಇಳಿದಿದ್ದ.

ಆವಲಪ್ಪ ನಲವತ್ತು ದಿನದ ಹಿಂದೆ ತಿರುಗಿಸದೆ ಬಿಟ್ಟ ಕೈಯನ್ನ ನೋಡಿಕೊಂಡನಂತೆ. ಆಮೇಲೆ ಹಗ್ಗದ ತುದಿ ಎಳೆದುಕೊಂಡು ತನ್ನ ಎದೆಗೇ ಬಿಗಿಯೋಕೆ ಶುರು ಮಾಡಿದ. ಇಳಿದರೆ ತಾನೂ ಬರೋದಿಲ್ಲ ಅಂತ ಅವನಿಗಿಂತ ಚೆನ್ನಾಗಿ ಅಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

"ಇನ್ನೊಂದು ಹಗ್ಗ ಬಿಡ್ರಿ," ಅಂದ. "ಅದನ್ನ ಮಾವನ್ಗೆ ಕಟ್ತೀನಿ. ನಾನು ಬರ್ದಿದ್ರೂ ಅವ್ರನ್ನ ಎಳೀರಿ."

ಇನ್ನೊಂದು ಹಗ್ಗ ಕೆಳಗೆ ಬಿಟ್ಟರು. ಆವಲಪ್ಪ ಒಂದು ಕಾಲು ಬಾವಿಯೊಳಗೆ ಇಟ್ಟಿದ್ದ, ಅಷ್ಟೇ.

ಟಣ್... ಟಣ್.

ಎರಡೇ ಸಲ.

ನಾಲ್ಕೂ ಜನಕ್ಕೆ ಕೇಳಿಸಿತು. ಸೊಣ್ಣಮ್ಮನಿಗೂ ಕೇಳಿಸಿತು.

"ಎಳೀರಿ!" ಅಂದ ಆವಲಪ್ಪ. "ಆ ಹಗ್ಗ! ಎಳೀರೋ!"

ಬಿಟ್ಟಿದ್ದ ಹಗ್ಗ ಬಿಗಿಯಾಗಿತ್ತು. ಭಾರ ಇತ್ತು. ರಾಟೆ ಕಿರ್ರೋ ಕಿರ್ರೋ ಅನ್ನೋ ಹಾಗೆ ಎಳೆದರು. ಪಿಳ್ಳಣ್ಣ ಮೇಲೆ ಬಂದ. ತಲೆ ಎದೆ ಮೇಲೆ ಜೋತುಬಿದ್ದಿತ್ತು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕಂಕುಳಡಿ ಎರಡು ಸುತ್ತು ಹಗ್ಗ, ಎದೆ ಮೇಲೆ ಗಂಟು. ಮಲಗಿಸಿ, ಎದೆ ಒತ್ತಿ, ಮುಖಕ್ಕೆ ನೀರು ಚಿಮುಕಿಸಿದರು. ಬಹಳ ಹೊತ್ತಾದ ಮೇಲೆ ಗೊರ್ ಅಂತ ಉಸಿರೆಳೆದುಕೊಂಡ.

ಕಟ್ಟೆ ಮೇಲಿದ್ದ ಸಲಿಕೆ ಗುದ್ದಲಿಯನ್ನ ಆಮೇಲೆ ಎಣಿಸಿ ನೋಡಿದರು. ಎಲ್ಲಾ ಅಲ್ಲೇ ಇದ್ದವು. ಕೆಳಗೆ ಬಡಿಯೋದಕ್ಕೆ ಒಂದು ಚೂರು ಕಬ್ಬಿಣವೂ ಇರಲಿಲ್ಲ.

ಬೆಳಕು ಹರಿದು ಊರು ಸೇರಿದಾಗ ಆವಲಪ್ಪ ಎಲ್ಲರ ಮುಂದೆ ಮಾವನ ಕಾಲು ಹಿಡಿದು ನಡೆದದ್ದೆಲ್ಲ ಹೇಳಿದ. ಮೂರು ಸಲ ಬಡಿದದ್ದು, ತಾನು ಮುಚ್ಚದೆ ಇದ್ದದ್ದು, ಮೇಸ್ತ್ರಿ ಹೇಳಿದ್ದು, ಎಲ್ಲಾ. ಪಿಳ್ಳಣ್ಣ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ. ಕೈಯೆತ್ತಿ ಅಳಿಯನ ತಲೆ ಮುಟ್ಟಲೂ ಇಲ್ಲ. "ಹಂಗಾದ್ರೆ ಕುಡಿದಿರ್ಲಿಲ್ಲ ನನ್ ಮಗ," ಅಂತ ಅಂದುಕೊಂಡ. ಮತ್ತೆ ಮತ್ತೆ ಅದನ್ನೇ ಅಂದುಕೊಂಡ.

ಆಲದ ಬುಡ ಅಗೆದಾಗ ಪೈಪಿನ ಬೆಸುಗೆ ಬಿಟ್ಟಿದ್ದು ಸಿಕ್ಕಿತು. ಬಾವಿಗೆ ಚಪ್ಪಡಿ ಮುಚ್ಚಿದರು. ಆವಲಪ್ಪನನ್ನ ಅದೇ ದಿನ ಕೆಲಸದಿಂದ ತೆಗೆದರು. ಸೊಣ್ಣಮ್ಮ ಗಂಡನ ಜೊತೆ ಸಂಸಾರ ಮಾಡಿದಳು, ಇಬ್ಬರು ಮಕ್ಕಳನ್ನೂ ಹೆತ್ತಳು. ಆದರೆ ಅವನ ಮುಖ ನೋಡಿ ಮಾತಾಡಿದ್ದನ್ನ ನಾವ್ಯಾರೂ ಕಂಡಿಲ್ಲ.

ಸುಳ್ಳು ಅಂತೀರಾ? ಪಿಳ್ಳಣ್ಣನನ್ನ ಆವತ್ತೇ ಎತ್ತಿನ ಗಾಡಿಯಲ್ಲಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರ್ಕೊಂಡು ಹೋದವರಲ್ಲಿ ನಾನೂ ಒಬ್ಬ. ಅಂಗಿ ಬಿಚ್ಚಿಸಿದಾಗ ಬಲ ರಟ್ಟೆ ಮೇಲೆ, ಯಾರೋ ಕೈಯಲ್ಲಿ ಬಿಗಿಹಿಡಿದ ಹಾಗೆ, ನಾಲ್ಕು ಬಿಳೀ ಪಟ್ಟೆ ಇದ್ದವು. ಚರ್ಮ ಸುಲಿದಿತ್ತು. ಡಾಕ್ಟರು ಕನ್ನಡಕ ಏರಿಸಿ, ಬೆರಳಲ್ಲಿ ಮುಟ್ಟಿ, ಮತ್ತೆ ಮತ್ತೆ ನೋಡಿದರು.

"ಇದು ಬೆಂಕಿ ಸುಟ್ಟಿದ್ದಲ್ಲಪ್ಪಾ," ಅಂದರು. "ಮಂಜುಗಡ್ಡೆ ಸುಟ್ಟಿದ್ದು. ಈ ಬೇಸಿಗೇಲಿ, ಬಾವಿಯೊಳಗೆ ಮಂಜುಗಡ್ಡೆ ಎಲ್ಲಿತ್ತು?"