ಗಲ್ಲದ ಮೇಲೆ ಬಿದ್ದ ಹನಿ

ಶಹಾಪುರದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಯಶೋಧರಾ ಟೀಚರ್ ಪಕ್ಕದಲ್ಲಿ, ಕಣ್ಣಿನ ದವಾಖಾನೆಯಿಂದ ಬಂದ ಅತ್ತೆ ಸೊಸೆ ಕುಳಿತರು. ಅತ್ತೆಗೆ ಚರ್ಮ ಬಿಗಿಯುವ ರೋಗ, ಜೊತೆಗೆ ಗ್ಲಾಕೋಮಾ. ಬೆರಳುಗಳು ಕಟ್ಟಿಗೆಯಂತೆ ಸೆಟೆದಿದ್ದವು.

“ಕಣ್ಣಾಗಿನ ಪ್ರೆಶರ್ ಇಳಿದಿಲ್ಲಂದ್ರು. ಹಿಂಗಾದ್ರ ಕಣ್ಣೇ ಹೋಗ್ತಾವಂತ್ರಿ ಅತ್ತಿ. ಡ್ರಾಪ್ಸ್ ಹಾಕ್ಕೊಂತಿದ್ರಿಲ್ಲೊ?”

“ಹಾಕ್ಕೊಂತಿದ್ನೆವ್ವಾ.”

“ತಿಂಥಣಿ ಮೌನೇಶನ ಆಣಿ, ಖರೇ ಹೇಳ್ರಿ.”

“ಬಾಟ್ಲಿ ಹಿಚುಕಾಕ ಬೆರಳು ಮಣಿಯೂದಿಲ್ಲ, ನಂದಿನಿ. ಎಲ್ಲಾ ಗಲ್ಲದ ಮ್ಯಾಲೇ ಬೀಳ್ತಿತ್ತು.”

“ಗಲ್ಲ ಹಸಿ ಇದ್ದದ್ದು ನೋಡಿ, ಹಾಕ್ಕೊಂಡಾರ ಅಂತ ನಾ ಸುಮ್ನಿದ್ದೆ! ನನಗ್ಯಾಕ ಹೇಳ್ಲಿಲ್ರಿ?”

“ನೀ ಬಡಿದ ರೊಟ್ಟಿಗಿ ದಪ್ಪಾತು, ಕರಕಾತು ಅಂತ ದಿನಾ ಹೆಸರಿಟ್ಟಾಕಿ ನಾ. ನನ್ನ ಕೈಲೆ ಇಷ್ಟೂ ಆಗೂದಿಲ್ಲಂತ ಯಾವ ಬಾಯಿಲೆ ಹೇಳ್ಲಿ?”

“ರೊಟ್ಟಿಗಿ ನಾಳೆನೂ ಹೆಸರಿಡ್ರಿ. ಈಗ ಮಾರಿ ಮ್ಯಾಲ ಮಾಡ್ರಿ, ಡ್ರಾಪ್ಸ್ ನಾ ಹಾಕ್ತೀನಿ.”

“ಇಲ್ಲೇನ? ಮಂದಿ ನೋಡ್ತಾರ.”

ನಂದಿನಿ ತನ್ನ ಸೆರಗನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡಳು.

ಸುರಪುರದ ಬಸ್ಸಿಗೆ ಅವರು ಏಳುವಾಗ ಬಾಟಲಿ ಸೊಸೆಯ ಸೆರಗಿನ ಗಂಟಿನಲ್ಲಿತ್ತು. ಅತ್ತೆಯ ಗಲ್ಲ ಒಣಗಿಯೇ ಇತ್ತು.