ಗುರುವಾರದ ಪಂದ್ಯಕ್ಕೊಂದು ಹಳೇ ಪಿಸ್ತೂಲು

...ಅದಲ್ಲ ಡೆಲ್, ಅದರ ಪಕ್ಕದ್ದು. ಕಪ್ಪು ಹಿಡಿಯ ಪಾಯಿಂಟ್ ಟೂ ಟೂ ಪಿಸ್ತೂಲು. ಹಾಂ, ಅದೇ. ತೆಗೆದು ಗಾಜಿನ ಮೇಲಿಡು, ನೋಡೋಣ. ಆ ಹೊಸ ಮಾಲೆಲ್ಲ ನನಗೆ ತೋರಿಸ್ಬೇಡ ಮಾರಾಯ. ಜೀವಮಾನವೆಲ್ಲ ಈ ಊರಲ್ಲಿ ಅಂಚೆ ಹಂಚಿದವನು ನಾನು, ಅಂಚೆಯವನ ಪಿಂಚಣಿಗೆ ಎಟುಕೋದು ಹೇಳು. ಯಾರೋ ಬಳಸಿದ್ದಾದರೂ ಸರಿ, ನೆಟ್ಟಗೆ ಹೊಡೀಬೇಕು. ಅಷ್ಟೇ.

ಯಾಕೆ ನಗ್ತೀಯ? ಓರಿನ್ ಕೆಸ್ಲರ್ ಮತ್ತೆ ಗುರುವಾರದ ಪಂದ್ಯಕ್ಕೆ ಬರ್ತಾನೆ ಅಂದ್ರೆ ನಗುನಾ? ನಗಪ್ಪ ನಗು. ಗುರಿ ಹೊಡೆಯೋ ಕ್ಲಬ್ಬಿನ ನೆಲಮಾಳಿಗೆಯಲ್ಲಿ ನಿನ್ನ ಪಕ್ಕದ ಸಾಲಲ್ಲೇ ನಿಂತು ಎಷ್ಟು ಚಳಿಗಾಲ ನಿನ್ನನ್ನ ಸೋಲಿಸಿಲ್ಲ ನಾನು? ಆ ಹಲ್ಲಿನ ಡಾಕ್ಟರ್ ವೆಂಡೆಲ್ ನೆನಪಿದೆಯಾ... ಅಂಗಡೀಲಿದ್ದ ಅತೀ ದುಬಾರಿ ಪಿಸ್ತೂಲು, ಮೇಲೆ ಗುರಿ ನೋಡೋ ಕೆಂಪು ಚುಕ್ಕೆಯ ದುರ್ಬೀನು, ಚರ್ಮದ ಪೆಟ್ಟಿಗೆ, ಎಲ್ಲ ತಂದ. ಮೊದಲನೇ ದಿನವೇ ಐದೂ ಗುಂಡು ಪಕ್ಕದವನ ಗುರಿ ಕಾಗದಕ್ಕೆ ಹೊಡೆದ. ಪಕ್ಕದವನು ನಾನು. ಆವತ್ತು ನನಗೆ ಬಂದಷ್ಟು ಅಂಕ ಯಾರಿಗೂ ಬಂದಿರಲಿಲ್ಲ.

ಹೊಸಬರು ಬಂದ್ರೆ ನೀನೇ ನನ್ನ ಹತ್ತಿರ ಕಳಿಸ್ತಿದ್ದೆ. ಓರಿನ್‌ನ ಕೇಳಿ, ಹಳೇ ಪಿಸ್ತೂಲು ಆರಿಸೋಕೆ ಅವನೇ ಸರಿ ಅಂತ. ನಾನೂ ಬೇಸರ ಇಲ್ಲದೆ ಹೇಳ್ತಿದ್ದೆ. ಮೊದಲು ಖಾಲಿ ಇದೆಯಾ ಅಂತ ನೋಡು, ಮಾರೋನ ಮಾತು ನಂಬಬೇಡ, ನೀನೇ ನೋಡು. ನಳಿಗೆಯೊಳಗೆ ಬೆಳಕು ಬಿಡು. ಗೆರೆಗಳು ಚೂಪಾಗಿರಬೇಕು, ತುಕ್ಕಿನ ಗುಳಿ ಇರಬಾರದು. ಮೇಲ್ಭಾಗ ಹಿಡಿದು ಅಲ್ಲಾಡಿಸು, ಗಡಗಡ ಅಂದ್ರೆ ವಾಪಸ್ ಇಡು. ಸ್ಕ್ರೂ ತಲೆ ಕೆತ್ತಿಹೋಗಿದ್ರೆ ಯಾವನೋ ಮನೆಯಲ್ಲೇ ರಿಪೇರಿಗೆ ಕೂತಿದ್ದ ಅಂತರ್ಥ. ಹೊಳಪು ಹೋಗಿದ್ರೆ ಹೋಗಲಿ, ಕಾಗದಕ್ಕೆ ಹೊಳಪು ಕಾಣಲ್ಲ. ಟ್ರಿಗರ್ ಮಾತ್ರ ಎಳೆದದ್ದೇ ಗೊತ್ತಾಗಬಾರದು. ಆರಿಸಿಯಾದ ಮೇಲೂ ಅದರ ಮಾಲೀಕನ ಜೊತೆ ಕೂತು ಒಂದು ಕಪ್ ಕಾಫಿ ಕುಡಿ, ಯಾಕೆ ಮಾರ್ತಿದಾನೆ ಅಂತ ತಿಳ್ಕೋ... ಲೋರೀನ್ ರೇಗಿಸ್ತಿದ್ದಳು, ನನ್ನನ್ನ ಆರಿಸೋಕೂ ಇಷ್ಟು ಹೊತ್ತು ತಗೊಂಡಿರಲಿಲ್ಲವಲ್ಲ ನೀವು ಅಂತ.

ಇದಾ? ಚೆನ್ನಾಗಿದೆ. ಕಟ್ಟು.

ಇಲ್ಲ, ನಳಿಗೆ ನೋಡೋದೇನು ಬೇಡ. ನೀನು ನೋಡಿರ್ತೀಯಲ್ಲ. ಟ್ರಿಗರ್ರೂ ಬೇಡ. ಏನು ಹಾಗೆ ನೋಡ್ತೀಯ? ನಿನ್ನ ಮೇಲೆ ನಂಬಿಕೆ ಕಣಯ್ಯಾ, ಅದಕ್ಕೆ.

ಕೈಯಾ? ಬೆಳಿಗ್ಗೆಯಿಂದ ಕಾಫಿ ಜಾಸ್ತಿಯಾಯ್ತು. ಹೊರಗೆ ಸರೋವರದ ಕಡೆಯಿಂದ ಗಾಳಿ ಬೇರೆ ಚುಚ್ಚುತ್ತೆ, ನವೆಂಬರ್ ಅಲ್ವಾ.

...ಆಯ್ತು, ಕಾಫಿಯಲ್ಲ. ಈ ವಸಂತದಲ್ಲಿ ಡಾಕ್ಟರು ಈ ನಡುಕದ ಕಾಯಿಲೆಗೊಂದು ಹೆಸರಿಟ್ಟರು. ಹೆಸರು ನಿನಗೂ ಗೊತ್ತು, ನಿನ್ನ ಚಿಕ್ಕಪ್ಪನಿಗೂ ಅದೇ ಇತ್ತಲ್ಲ. ಮಾತ್ರೆ ನುಂಗಿದ್ರೆ ಸ್ವಲ್ಪ ಹೊತ್ತು ಸುಮ್ಮನಿರುತ್ತೆ, ಆಮೇಲೆ ಮತ್ತೆ ಶುರು. ಅದಕ್ಕೇನಂತೆ, ಈಗ ಎರಡು ಕೈಯಲ್ಲಿ ಹಿಡಿದು ಹೊಡೆಯೋಕೂ ಬಿಡ್ತೀರಂತಲ್ಲ ಕ್ಲಬ್ಬಿನಲ್ಲಿ. ಎರಡು ಕೈಯಲ್ಲಿ ಹಿಡೀತೀನಿ. ಕೊನೇ ಸ್ಥಾನ ಬಂದ್ರೆ ಬರಲಿ. ವೆಂಡೆಲ್‌ಗೂ ಒಂದಿನ ಯಾರನ್ನಾದರೂ ಗೆದ್ದ ಖುಷಿ ಸಿಗಲಿ.

ಗುಂಡು ತುಂಬೋ ಮ್ಯಾಗಜೀನ್ ಎರಡನೇದು ಬೇಡ. ಇದೊಂದು ಸಾಕು. ಗುಂಡು... ಒಂದು ಪೆಟ್ಟಿಗೆ. ಒಂದೇ, ಚಿಕ್ಕದು.

ಗೊತ್ತು, ಗೊತ್ತು. ಒಂದು ಪಂದ್ಯಕ್ಕೂ ಅದು ಸಾಲಲ್ಲ ಅಂತ ನನಗೆ ಹೇಳಿಕೊಡಬೇಡ. ಆಮೇಲೆ ಬಂದು ತಗೋತೀನಿ. ನಾಳೆ. ಮುಂದಿನ ವಾರ.

ಈ ಚಳಿಗಾಲದ ಗುರುವಾರದ ಪಂದ್ಯಗಳಿಗೆ ಹೆಸರಾ... ಈಗಲೇ ಯಾಕೆ ಬರೀತೀಯ? ಇರಲಿ ಬಿಡು. ನೋಡೋಣ. ಪೆನ್ನು ಕೆಳಗಿಡು ಮಾರಾಯ.

ನನ್ನ ಹಳೇದು? ಅದನ್ನ ಮಾರಿಬಿಟ್ಟೆ. ಲೋರೀನ್ ತೀರಿಕೊಂಡ ಮೇಲೆ ಮನೆಯಲ್ಲಿ ಸುಮ್ಮನೆ ಬಿದ್ದಿತ್ತು. ಯಾರಿಗೆ ಅಂದ್ರೆ... ಯಾರೋ ಬಂದಿದ್ದ, ಕೊಟ್ಟೆ. ಮ್ಯಾನ್ಸ್‌ಫೀಲ್ಡ್ ಕಡೆಯವನು.

ಹಾಗೆ ತಲೆ ಅಲ್ಲಾಡಿಸ್ಬೇಡ ಡೆಲ್.

ಸರಿ. ಮಾರಲಿಲ್ಲ. ಮಾರ್ತೀನಾ ನಾನು ಅದನ್ನ? ನಿನಗೆ ಗೊತ್ತಿಲ್ವಾ? ಮಾರ್ಲಿಸ್ ತಗೊಂಡು ಹೋದಳು. ನನ್ನ ಮಗಳೇ. ಆಗಸ್ಟಿನಲ್ಲಿ ಒಂದು ಭಾನುವಾರ, ಪಾಪ, ಕೋಳಿ ಸಾರು ಮಾಡಿ ಪಾತ್ರೆ ಸಮೇತ ತಂದಿದ್ದಳು. ಮೇಲೆಲ್ಲ ಕೂಗಿದಳಂತೆ. ನಾನು ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯೋ ಯಂತ್ರದ ಪಕ್ಕ ಕೂತಿದ್ದೆ, ತೊಡೆ ಮೇಲೆ ಪಿಸ್ತೂಲಿನ ಪೆಟ್ಟಿಗೆ. ದೀಪ ಹಾಕಿರಲಿಲ್ಲ. ಏನ್ಮಾಡ್ತಿದೀರಪ್ಪ ಅಂದಳು. ಪಿಸ್ತೂಲು ಒರೆಸ್ತಿದ್ದೆ ಅಂದೆ. ಹತ್ತಿರದಲ್ಲಿ ಎಣ್ಣೆ ಇರಲಿಲ್ಲ, ಬಟ್ಟೆ ಇರಲಿಲ್ಲ. ಪೆಟ್ಟಿಗೆ ಎತ್ಕೊಂಡು ಹೋಗಿ ಕಾರಲ್ಲಿಟ್ಟಳು. ವಾಪಸ್ ಬಂದು ಸಾರು ಬಿಸಿ ಮಾಡಿದಳು, ಇಬ್ಬರೂ ಊಟ ಮಾಡಿದ್ವಿ. ಹೋಗುವಾಗ ಬಾಗಿಲಲ್ಲಿ ನನ್ನ ತೋಳು ಹಿಡಿದು ಸುಮಾರು ಹೊತ್ತು ನಿಂತಿದ್ದಳು.

ಅವಳಿಗೇನೋ ಅನುಮಾನ. ಈಗಿನವರಿಗೆ ಎಲ್ಲದಕ್ಕೂ ಅನುಮಾನ.

ಯಾಕೆ... ಯಾಕೆ ಒಳಗಿಡ್ತಿದ್ದೀಯ ಅದನ್ನ? ಕೊಳ್ತೀನಿ ಅಂದೆನಲ್ಲ? ಡೆಲ್. ಬೀಗ ಯಾಕೆ? ನಾನು ಗಿರಾಕಿ ಕಣೋ, ಕಳ್ಳನಲ್ಲ. ನೀನು ಕೊಡದಿದ್ರೆ ಇನ್ನೊಬ್ಬ ಕೊಡ್ತಾನೆ. ಇದೇ ರಸ್ತೆಯಲ್ಲಿ ಮುಂದಕ್ಕೆ ಹೋದ್ರೆ ನನ್ನ ಮುಖ ನೋಡದೇ ಇರೋ ಅಂಗಡಿಗಳು ಎಷ್ಟು ಬೇಕು. ಹೇಳು, ಕೊಡಲ್ಲ ಅಂತ ಬಾಯಿಬಿಟ್ಟು ಹೇಳು.

ಬಾಗಿಲ ಬೋರ್ಡನ್ನ ಮುಚ್ಚಿದೆ ಅಂತ ಯಾಕೆ ತಿರುಗಿಸ್ದೆ? ಜಿಂಕೆ ಬೇಟೆ ಶುರುವಾಗೋ ವಾರ, ಊರೆಲ್ಲ ನಿನ್ನ ಅಂಗಡಿಗೆ ಬರೋ ಹೊತ್ತು ಇದು. ಹುಚ್ಚಾ ನಿನಗೆ?

...ಕೂರಲ್ಲ ನಾನು.

ಹೀಗೆ ಸುಮ್ಮನೆ ಕೂತ್ಕೊಂಡ್ರೆ ನಾನೇನು ಮಾಡಲಿ? ಬೈಯೋದಾದ್ರೂ ಬೈ. ಪಾದ್ರಿ ಬಂದಿದ್ರು, ಉಪದೇಶ ಮಾಡಿ ಹೋದ್ರು. ಡಾಕ್ಟರು ಕೈಗೊಂದು ಪುಸ್ತಕ ಕೊಟ್ಟರು. ನೀನು ಮಾತ್ರ ಕುರ್ಚಿ ಎಳ್ಕೊಂಡು ಎದುರಿಗೆ ಬಂದು ಕೂತಿದ್ದೀಯ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು.

ಬೆಳಿಗ್ಗೆ ಅಂಗಿ ಗುಂಡಿ ಹಾಕೋಕೆ ಆಗಲ್ಲ ಡೆಲ್. ಇವತ್ತು ಕಾಲು ಗಂಟೆ ಕಷ್ಟಪಟ್ಟೆ, ಕೊನೆಗೆ ಸ್ವೆಟರ್ ಎಳ್ಕೊಂಡೆ. ಸಾರು ಚಮಚದಲ್ಲಿ ನಿಲ್ಲಲ್ಲ. ಪಕ್ಕದ ಮನೆಯವಳು ನನ್ನ ಕಾಗದದ ಮೇಲೆ ವಿಳಾಸ ಬರೆದುಕೊಟ್ಟಳು. ನನ್ನ ಕಾಗದಕ್ಕೆ. ಈ ಊರಿನ ಒಂದೊಂದು ಬಾಗಿಲ ನಂಬರೂ ನನ್ನ ನಾಲಿಗೆ ಮೇಲಿದೆ, ಬರೆಯೋಕೆ ಕೈಯಿಲ್ಲ. ಮುಂದೆ ಇನ್ನೇನೇನು ಆಗುತ್ತೆ ಅಂತ ನಿನ್ನ ಚಿಕ್ಕಪ್ಪನನ್ನ ನೋಡಿ ಗೊತ್ತು. ಮಾರ್ಲಿಸ್ ಕೆಲಸ ಬಿಟ್ಟು ಬಂದು ನನ್ನ ಒರೆಸ್ಬೇಕು, ತೊಳೀಬೇಕು... ಅದು ಬೇಡ ಅಂತ.

ಹೌದು.

ಹೌದು ಕಣೋ. ಪಂದ್ಯಕ್ಕಲ್ಲ. ನಾನು ಬಾಗಿಲು ತೆಗೆದು ಒಳಗೆ ಬಂದಾಗಲೇ ನಿನಗೆ ಗೊತ್ತಾಗಿತ್ತಲ್ವಾ? ಗೊತ್ತಾಗಿಯೂ ಎಲ್ಲ ಮಾತಾಡಿಸಿದೆ.

ಯಾರಿಗೆ ಫೋನು? ಮಾರ್ಲಿಸ್‌ಗಾ? ಬೇಡ. ಈ ಹೊತ್ತಲ್ಲಿ ಅವಳು ಶಾಲೆಯಲ್ಲಿರ್ತಾಳೆ, ಮಕ್ಕಳಿಗೆ ಪಾಠ ಮಾಡ್ತಿರ್ತಾಳೆ, ಎತ್ತಲ್ಲ... ಎತ್ತಿದಳಾ?

ನೀನೇ ಹೇಳು ಡೆಲ್. ನನ್ನ ಕೈಗೆ ಯಾಕೆ... ನನಗೆ ಆಗಲ್ಲ, ನೀನೇ...

ಮಾರ್ಲಿಸ್? ನಾನಮ್ಮ, ಅಪ್ಪ. ಇಲ್ಲ, ಬಿದ್ದಿಲ್ಲ. ಡೆಲ್ ಅಂಗಡಿಯಲ್ಲಿದೀನಿ.

ಹೌದು. ಅದಕ್ಕೇ ಬಂದಿದ್ದೆ.

ಅಳಬೇಡ. ನಿಧಾನವಾಗಿ ಓಡಿಸ್ಕೊಂಡು ಬಾ, ರಸ್ತೆ ಜಾರುತ್ತೆ. ಇಲ್ಲೇ ಕೂತಿರ್ತೀನಿ.