ರೇಡಿಯೋದ ಜಡ್ಜ್ ಸಾಹೇಬರು

೧೯೬೪ರಲ್ಲಿ, ವಿಜಾಪುರದ ಬಸ್ ನಿಲ್ದಾಣ. ತಿಕೋಟಾ ಬಸ್ಸಿಗೆ ಕಾಯುತ್ತಿದ್ದ ಹೊಳೆವ್ವ, ರಾಚವ್ವ ಎಂಬ ಗೆಳತಿಯರು ಊರ ಚಾವಡಿಯ ರೇಡಿಯೋದಲ್ಲಿ ಪ್ರತಿ ಬೇಸ್ತವಾರ ಬರುವ ಕೋರ್ಟ್ ನಾಟಕದ ಮಾತು ತೆಗೆದಿದ್ದರು.

“ಎರಡ ವರ್ಷಾತು, ಒಂದ ಕೇಸ್ ಮುಗಿವಲ್ದು. ಬ್ಯಾಸರಾಗೇತಿ,” ಎಂದಳು ಹೊಳೆವ್ವ.

“ನನಗಿಲ್ಲ ಬೇ.”

“ನಿನಗೆಲ್ಲಿ ಆಗತೈತಿ? ಜಡ್ಜ್ ಬಂದ್ರು ಅಂದ್ರ ರೇಡಿಯೋ ಮುಂದ ಎದ್ದ ನಿಂದರತಿ. ಅವರಿಗೇನ ನೀ ಕಾಣತಿಯೇನು?”

“ನಮ್ಮ ಹೊಲದ ಕೇಸಿನ್ಯಾಗ ಹನ್ನೊಂದ ವರ್ಷ ಅಡ್ಡಾಡೀನಿ. ನನ್ನ ಮಾತು ಒಬ್ಬರೂ ಕೇಳಲಿಲ್ಲ. ಈ ಜಡ್ಜ್ ಸಾಹೇಬರು ನಾಟಕದಾಗಿನ ಆ ಕೂಲಿ ಹೆಣ್ಮಗಳಿಗೆ, ‘ಹೆದರಬ್ಯಾಡವ್ವಾ, ನೀ ಹೇಳು, ನಾ ಕೇಳತೀನಿ’ ಅಂದ್ರು. ಮೈ ಜುಮ್ ಅಂತು.”

ಬಸ್ಸು ಬಂತು. ಇಬ್ಬರೂ ಗಂಟು ಎತ್ತಿಕೊಂಡರು.

“ಬೇಸ್ತವಾರ ನನಗೂ ರೇಡಿಯೋ ಮುಂದ ಜಾಗಾ ಹಿಡಿ,” ಎಂದಳು ಹೊಳೆವ್ವ.

“ಕುಂದ್ರಾಕೇನು?”

“ಅಲ್ಲ, ನಿಂದ್ರಾಕ.”